ಕಂಪನಿ ಬದಲಾದ ದಿನ ಮೀಟರ್‌ನಲ್ಲಿ ಎಷ್ಟಿತ್ತು?

ಸಂಪಾದಕರೇ,

ಒಂದೇ ಊರಿನಲ್ಲಿ ಎರಡು ಮೂರು ಕಂಪನಿಗಳು ಒಂದೇ ತಂತಿಯ ಮೇಲೆ ಕರೆಂಟ್ ಮಾರಲು ದಾರಿ ಮಾಡಿಕೊಡುವ ವಿದ್ಯುತ್ ಕಾಯ್ದೆ ತಿದ್ದುಪಡಿಯ ಕರಡು 2025ರ ಅಕ್ಟೋಬರ್‌ನಲ್ಲಿ ಹೊರಬಿದ್ದ ಮೇಲೆ ಚರ್ಚೆಯೆಲ್ಲ ದರ, ಸಬ್ಸಿಡಿ, ಖಾಸಗೀಕರಣದ ಸುತ್ತಲೇ ನಡೆದಿದೆ. ನಡೆಯಲಿ, ಬೇಕಾದ ಚರ್ಚೆಯೇ ಅದು. ಆದರೆ ಗ್ರಾಹಕ ಒಂದು ಕಂಪನಿ ಬಿಟ್ಟು ಇನ್ನೊಂದಕ್ಕೆ ಹೋದ ದಿನ ಮೀಟರ್‌ನಲ್ಲಿ ಎಷ್ಟು ಯೂನಿಟ್ ಇತ್ತು, ಅದನ್ನು ಯಾರು ನೋಡಿದರು, ಯಾರು ಬರೆದುಕೊಂಡರು ಎಂಬುದನ್ನು ಯಾರೂ ಕೇಳುತ್ತಿಲ್ಲ. ಬ್ರಿಟನ್ನಿನಲ್ಲಿ 1999ರಿಂದ ಪ್ರತಿ ಮನೆಯೂ ತನಗೆ ಬೇಕಾದ ಕಂಪನಿಯಿಂದ ವಿದ್ಯುತ್ತನ್ನೂ ಗ್ಯಾಸನ್ನೂ ಕೊಳ್ಳಬಹುದು. ಇಷ್ಟು ವರ್ಷ ಕಳೆದರೂ ಈ ಒಂದು ಅಂಕಿಯ ಜಗಳ ಅಲ್ಲಿ ಮುಗಿದಿಲ್ಲ. ಓದಲು, ದುಡಿಯಲು ಅಲ್ಲಿಗೆ ಹೋದ ಕನ್ನಡದ ಹುಡುಗರು, ಸಂಸಾರಸ್ಥರು ಇದರಲ್ಲಿ ಸಿಕ್ಕಿಕೊಳ್ಳುವುದು ಅಪರೂಪವೇನಲ್ಲ. ಅವರಿಗೂ ನಾಳೆ ನಮಗೂ ಉಪಯೋಗವಾದೀತೆಂದು ಈ ಪತ್ರ.

ಮೊದಲು ಒಂದು ತಪ್ಪು ತಿಳಿವಳಿಕೆ ತೆಗೆದುಹಾಕಬೇಕು. ಇಂಥ ಜಗಳಗಳಲ್ಲಿ ಹೆಚ್ಚಿನವುಗಳಲ್ಲಿ ಮೀಟರ್ ಕೆಟ್ಟಿರುವುದಿಲ್ಲ. ಅಲ್ಲಿ ವಿದ್ಯುತ್ ಮೀಟರ್ ಶೇ 2.5ರಷ್ಟು ಹೆಚ್ಚು ಅಥವಾ ಶೇ 3.5ರಷ್ಟು ಕಡಿಮೆ ತೋರಿಸಿದರೆ ಕಾನೂನು ಒಪ್ಪುತ್ತದೆ. ಗ್ಯಾಸ್ ಮೀಟರ್‌ಗೆ ಅತ್ತ ಇತ್ತ ಶೇ 2. ಇದನ್ನು ಪರೀಕ್ಷಿಸುವ ದಾರಿಯೇ ಬೇರೆ. ಕಂಪನಿ ಬದಲಿಸಿದವರ ಜಗಳ ಮೀಟರ್‌ನ ಮೇಲಲ್ಲ, ಒಂದು ನಿರ್ದಿಷ್ಟ ದಿನದ ಒಂದು ಅಂಕಿಯ ಮೇಲೆ. ಹಳೆ ಕಂಪನಿಯ ಕೊನೆಯ ರೀಡಿಂಗೂ ಹೊಸ ಕಂಪನಿಯ ಮೊದಲ ರೀಡಿಂಗೂ ಒಂದೇ ಆಗಿರಬೇಕು. ಹೊಲದ ಬದುವಿನ ಹಾಗೆ, ಅತ್ತಲವರಿಗೂ ಇತ್ತಲವರಿಗೂ ಅದೊಂದೇ ಗೆರೆ. ಗೆರೆ ತಪ್ಪಾದ ಜಾಗದಲ್ಲಿ ಬಿದ್ದರೆ ಒಂದು ತೊಂದರೆ, ಎರಡು ಗೆರೆ ಬಿದ್ದರೆ ಇನ್ನೊಂದು. ಎರಡನೆಯದೇ ದೊಡ್ಡದು.

ಲೆಕ್ಕ ಹಾಕಿ ನೋಡೋಣ. ಅಲ್ಲಿನ ನಿಯಂತ್ರಕ ಸಂಸ್ಥೆ ಆಫ್‌ಜೆಮ್ 2023ರಲ್ಲಿ ಸಾಧಾರಣ ಮನೆಯೊಂದಕ್ಕೆ ವರ್ಷಕ್ಕೆ 2,700 ಯೂನಿಟ್ ವಿದ್ಯುತ್ ಎಂದು ಹಿಡಿದಿತ್ತು. ಅಂಥ ಮನೆಯ ಮೀಟರನ್ನು ಒಂದು ವರ್ಷದ ಹಿಂದೆ ನಿಜವಾಗಿ ಓದಿದಾಗ 45,612 ಇತ್ತು ಎನ್ನಿ. ಸೆಪ್ಟೆಂಬರ್ 14ರಂದು ಕಂಪನಿ ಬದಲಾಯಿತು, ಆ ದಿನ ಮೀಟರ್‌ನಲ್ಲಿದ್ದದ್ದು 48,312. ಆದರೆ ಯಾರೂ ರೀಡಿಂಗ್ ಕೊಡಲಿಲ್ಲ. ಹಿಂದೆ ಆ ಮನೆಯಲ್ಲಿದ್ದ ದೊಡ್ಡ ಸಂಸಾರ ವರ್ಷಕ್ಕೆ 3,500 ಯೂನಿಟ್ ಸುಡುತ್ತಿತ್ತೆಂಬ ಆಧಾರದ ಮೇಲೆ ಅಂದಾಜು ಮಾಡಿ 49,112 ಎಂದು ಬರೆದರು. ವ್ಯತ್ಯಾಸ 800 ಯೂನಿಟ್. ಹಳೆ ಕಂಪನಿಯ ದರ ಯೂನಿಟ್‌ಗೆ 27 ಪೆನ್ಸ್, ಹೊಸದರದು 24 ಎಂದಿಟ್ಟುಕೊಳ್ಳಿ. ಇಬ್ಬರೂ 49,112ನ್ನೇ ಹಿಡಿದರೆ ಹಳೆಯವರಿಗೆ 216 ಪೌಂಡ್ ಹೆಚ್ಚು ಹೋಗುತ್ತದೆ, ಹೊಸಬರಿಗೆ 192 ಪೌಂಡ್ ಕಡಿಮೆ ಬೀಳುತ್ತದೆ. ಬಿಲ್ ನೋಡಿ ಎದೆ ಧಸಕ್ಕೆಂದರೂ ನಿಜವಾದ ನಷ್ಟ 24 ಪೌಂಡ್ ಮಾತ್ರ. ಹಳೆಯವರು 49,112ಕ್ಕೆ ಮುಗಿಸಿ, ಹೊಸಬರು 48,312ರಿಂದ ಶುರು ಮಾಡಿದರೋ, ಅದೇ 800 ಯೂನಿಟ್‌ಗೆ ಎರಡು ಸಲ ದುಡ್ಡು ತೆತ್ತಂತೆ. ಅದಕ್ಕೇ ಮೊದಲು ಮಾಡಬೇಕಾದ ಕೆಲಸ ಎರಡೂ ಬಿಲ್‌ಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಆ ಎರಡು ಅಂಕಿ ಒಂದೇ ಹೌದೋ ಅಲ್ಲವೋ ನೋಡುವುದು. ಹಳೆ ಬಿಲ್ ಒಂದನ್ನೇ ಹಿಡಿದುಕೊಂಡು ಫೋನಿನಲ್ಲಿ ಕೂಗಾಡಿದರೆ ಅರ್ಧ ಲೆಕ್ಕದ ಮೇಲೆ ಜಗಳವಾಡಿದಂತೆ.

ಅಂದಾಜಿನ ಅಂಕಿ ಹೀಗೆ ಮುಂದೆ ಓಡಿಬಿಟ್ಟರೆ ಇನ್ನೊಂದು ಪೇಚು. ಎರಡು ತಿಂಗಳ ನಂತರ ಗ್ರಾಹಕ ಮೀಟರ್ ನೋಡಿ 48,770 ಎಂದು ಹೊಸ ಕಂಪನಿಯ ಆ್ಯಪ್‌ನಲ್ಲಿ ತುಂಬಿಸುತ್ತಾನೆ. ಅವರ ದಾಖಲೆ 49,112ರಿಂದ ಶುರುವಾಗಿದೆ. ಮೀಟರ್ ಹಿಂದಕ್ಕೆ ಓಡಲು ಸಾಧ್ಯವೇ ಎಂದು ಆ್ಯಪ್ ಅದನ್ನು ತಿರಸ್ಕರಿಸಿ ಮತ್ತೆ ಅಂದಾಜಿನಲ್ಲೇ ಬಿಲ್ ಕೊಡುತ್ತದೆ. ಅಪರೂಪಕ್ಕೆ ಇನ್ನೂ ಕೆಡುತ್ತದೆ: ಮೀಟರ್ 99,999 ದಾಟಿ ಸೊನ್ನೆಯಿಂದ ಮತ್ತೆ ಶುರುವಾಗಿದೆ ಎಂದು ಕಂಪ್ಯೂಟರ್ ಭಾವಿಸಿದರೆ ಎರಡು ತಿಂಗಳಿಗೆ 99,658 ಯೂನಿಟ್, ಅಂದರೆ ಸುಮಾರು 23,900 ಪೌಂಡ್‌ನ ಬಿಲ್ ಮುಂದೆ ಬಂದು ನಿಲ್ಲುತ್ತದೆ. ಹೆದರಬೇಕಾಗಿಲ್ಲ, ಎದುರಿಗೆ ಕೂತು ನೋಡುವ ಯಾರಿಗೇ ಆದರೂ ತಪ್ಪು ಕಾಣುತ್ತದೆ. ಬ್ಯಾಂಕ್ ಖಾತೆಯಿಂದ ಮೊತ್ತ ತಾನಾಗಿ ಕಡಿತವಾಗುವ ಮುನ್ನ ಕಂಪನಿಯವರು ನೋಡುವಂತೆ ಮಾಡಬೇಕು ಅಷ್ಟೆ.

ಈ ಅಂದಾಜು ಬರುವುದೆಲ್ಲಿಂದ? ಹಳೆ ಕಂಪನಿಯವರು ಬೇಕೆಂದೇ ಬರೆದದ್ದು ಎಂದು ಬಹಳ ಮಂದಿ ತಿಳಿಯುತ್ತಾರೆ. ಹಾಗಲ್ಲ. ಬದಲಾವಣೆಯ ದಿನದ ಆಚೀಚೆ ಐದು ದಿನಗಳೊಳಗೆ ರೀಡಿಂಗ್ ಕೊಡಿ ಎಂದು ಹೊಸ ಕಂಪನಿ ಗ್ರಾಹಕನನ್ನು ಕೇಳುತ್ತದೆ. ಗ್ರಾಹಕ ಕೊಟ್ಟರೆ ಅದು ದತ್ತಾಂಶ ಸಂಗ್ರಹಿಸುವ ಮಧ್ಯವರ್ತಿ ಸಂಸ್ಥೆಗೆ ಹೋಗಿ, ಹಿಂದಿನ ಬಳಕೆಯೊಂದಿಗೆ ತಾಳೆಯಾಗಿ, ಅಲ್ಲಿಂದ ಹಳೆ ಕಂಪನಿಗೆ ತಲುಪುತ್ತದೆ. ಕೊಡದಿದ್ದರೆ, ಅಥವಾ ಕೊಟ್ಟದ್ದು ತಾಳೆಯಾಗದಿದ್ದರೆ, ಆ ಮೀಟರ್‌ನ ವಾರ್ಷಿಕ ಬಳಕೆಯ ದಾಖಲೆಯಿಂದ ಒಂದು ಅಂಕಿ ಹುಟ್ಟಿಸುತ್ತಾರೆ. ಆ ದಾಖಲೆ ಮನೆಗೆ ಅಂಟಿಕೊಂಡಿರುತ್ತದೆ, ಮನುಷ್ಯರಿಗಲ್ಲ. ಹಿಂದಿನ ಬಾಡಿಗೆದಾರರು ಎಲೆಕ್ಟ್ರಿಕ್ ಹೀಟರ್ ಉರಿಸುತ್ತಿದ್ದರೆ, ನೀವು ದಿನವಿಡೀ ಆಫೀಸಿನಲ್ಲಿದ್ದರೂ ಅವರ ಬಳಕೆಯೇ ನಿಮ್ಮ ತಲೆಗೆ. ಆದ್ದರಿಂದ 12ನೇ ತಾರೀಕು ಕೊಟ್ಟ ಅಂಕಿಯನ್ನು 14ಕ್ಕೆ ಸರಿಹೊಂದಿಸಿ ಹದಿನೈದು ಯೂನಿಟ್ ಹೆಚ್ಚು ಬರೆದಿದ್ದರೆ ಅದು ತಪ್ಪಲ್ಲ, ಲೆಕ್ಕ. ಐನೂರು ಹೆಚ್ಚಿದ್ದರೆ ಅದು ಅಂದಾಜು.

ಇನ್ನು ಯಾರ ಹತ್ತಿರ ಹೋಗಬೇಕು? ಕೊನೆಯ ಬಿಲ್ ಕಳಿಸಿದವರು ಹಳಬರು, ಹಾಗಾಗಿ ಎಲ್ಲರೂ ಅವರಿಗೇ ಫೋನ್ ಮಾಡುತ್ತಾರೆ. ಹಳಬರು ಹೊಸಬರನ್ನು ಕೇಳಿ ಎನ್ನುತ್ತಾರೆ, ಹೊಸಬರು ಹಳಬರನ್ನು ಕೇಳಿ ಎನ್ನುತ್ತಾರೆ. ಎತ್ತು ಏರಿಗೆ, ಕೋಣ ನೀರಿಗೆ. ಬದಲಾವಣೆಯ ರೀಡಿಂಗ್ ತರುವ ಹೊಣೆ ಹೊಸ ಕಂಪನಿಯದು, ಆದ್ದರಿಂದ ದೂರು ಅಲ್ಲಿಗೇ ಹೋಗಬೇಕು. ಅವರು ಹಳೆ ಕಂಪನಿಗೆ ತಮ್ಮ ಪ್ರಸ್ತಾವಿತ ಅಂಕಿ ಕಳಿಸಿ, ಇಬ್ಬರೂ ಒಪ್ಪಿದ ಮೇಲೆ ಎರಡೂ ಕಡೆ ಬಿಲ್ ಮರುಲೆಕ್ಕವಾಗುತ್ತದೆ. ಇದಕ್ಕೆ ಉದ್ಯಮದೊಳಗೇ ಒಪ್ಪಿತವಾದ ಕ್ರಮವಿದೆ. ಕೇಳುವಾಗ ‘ಚೇಂಜ್ ಆಫ್ ಸಪ್ಲೈಯರ್ ರೀಡಿಂಗ್ ಡಿಸ್ಪ್ಯೂಟ್’ (ಕಂಪನಿ ಬದಲಾದ ದಿನದ ರೀಡಿಂಗಿನ ತಕರಾರು) ಎಂದು ಅದರ ಹೆಸರು ಹಿಡಿದೇ ಕೇಳಬೇಕು. ‘ಬಿಲ್ ಜಾಸ್ತಿ ಬಂದಿದೆ’ ಎಂದರೆ ಕಂತು ಮಾಡಿಕೊಡುವ ವಿಭಾಗಕ್ಕೆ ತಳ್ಳುತ್ತಾರೆ. ವಿದ್ಯುತ್ತಿನಲ್ಲಿ ವ್ಯತ್ಯಾಸ 250 ಯೂನಿಟ್‌ಗಿಂತ ಕಡಿಮೆಯಿದ್ದರೆ ಕಂಪನಿಗಳು ಸಾಮಾನ್ಯವಾಗಿ ಈ ಕ್ರಮಕ್ಕೆ ಕೈಹಾಕುವುದಿಲ್ಲ. ಸಾಧಾರಣ ಮನೆಗೆ ಅದು ಸುಮಾರು ಒಂದು ತಿಂಗಳ ಬಳಕೆ. ಈ ಮಿತಿ ಅಷ್ಟೇನೂ ಅನ್ಯಾಯವಲ್ಲ: ಎರಡೂ ಕಂಪನಿಗಳು ಒಂದೇ ಅಂಕಿ ಹಿಡಿದಿದ್ದರೆ 250 ಯೂನಿಟ್ ತಪ್ಪಿನಿಂದ ಕೈಬಿಡುವುದು ಕೆಲವು ಪೌಂಡ್ ಮಾತ್ರ. ಆದರೆ ಇಬ್ಬರ ಅಂಕಿ ಬೇರೆ ಬೇರೆಯಿದ್ದಾಗ ಈ ಮಿತಿಯನ್ನು ನೆಪ ಮಾಡಿದರೆ ಒಪ್ಪಬಾರದು.

ಸಾಕ್ಷ್ಯವೆಂದರೆ ಫೋಟೊ. ಬದಲಾವಣೆಯಾಗುವುದು ಮಧ್ಯರಾತ್ರಿ, ಆದ್ದರಿಂದ ಹಿಂದಿನ ಸಂಜೆ ಅಥವಾ ಆ ಬೆಳಿಗ್ಗೆ ತೆಗೆದದ್ದು ಸಾಕು. ಒಂದೇ ಚಿತ್ರದಲ್ಲಿ ಅಂಕಿಯೂ ಮೀಟರ್‌ನ ಸೀರಿಯಲ್ ನಂಬರೂ ಬರಬೇಕು. ಬರೀ ಅಂಕಿ ಬಂದಿದ್ದರೆ ಅದು ಯಾರ ಮನೆಯ ಮೀಟರ್ ಎಂದು ಕೇಳುತ್ತಾರೆ, ಕೇಳುವುದು ಸರಿಯೇ. ಸ್ಮಾರ್ಟ್ ಮೀಟರ್ ಇದ್ದರೆ ಅಡುಗೆಮನೆಯ ಕಟ್ಟೆಯ ಮೇಲಿನ ಪುಟ್ಟ ಪರದೆಯ ಫೋಟೊ ತೆಗೆಯಬೇಡಿ. ಅದು ಸಾಮಾನ್ಯವಾಗಿ ತೋರಿಸುವುದು ಇಂದು ಎಷ್ಟು ಪೌಂಡ್ ಖರ್ಚಾಯಿತೆಂದು. ರೀಡಿಂಗನ್ನು ಗೋಡೆಯ ಮೀಟರ್‌ನಲ್ಲೇ ನೋಡಿ. ಕೆಲವು ಮಾದರಿಗಳಲ್ಲಿ 9 ಒತ್ತಬೇಕು, ಕೆಲವದರಲ್ಲಿ ಎ ಅಥವಾ ಬಿ ಗುಂಡಿ. ಸ್ಮಾರ್ಟ್ ಮೀಟರ್ ಇದೆಯಲ್ಲ, ತಾನೇ ಕಳಿಸುತ್ತದೆ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಮೊದಲ ಪೀಳಿಗೆಯ ಸ್ಮಾರ್ಟ್ ಮೀಟರ್‌ಗಳು ಕಂಪನಿ ಬದಲಾದ ಕೂಡಲೇ ಮೂಕವಾಗುತ್ತಿದ್ದವು. ಈಗಲೂ ಸಂಪರ್ಕ ತಪ್ಪಿದ ಮೀಟರ್ ಅಂದಾಜಿಗೇ ಬೀಳುತ್ತದೆ.

ಫೋಟೊ ತೆಗೆದಿಲ್ಲವೇ? ಆಗಲೂ ದಾರಿಯಿದೆ. ಈಗಿನಿಂದ ನಾಲ್ಕು ವಾರದ ಅಂತರದಲ್ಲಿ ಎರಡು ರೀಡಿಂಗ್ ತೆಗೆದು ಹಿಂದಕ್ಕೆ ಎಣಿಸಬೇಕು. ಮೇಲಿನ ಮನೆಯಲ್ಲೇ ನವೆಂಬರ್ 1ಕ್ಕೆ 48,666, ನವೆಂಬರ್ 29ಕ್ಕೆ 48,890 ಎಂದಾದರೆ 28 ದಿನಕ್ಕೆ 224 ಯೂನಿಟ್, ದಿನಕ್ಕೆ 8. ಸೆಪ್ಟೆಂಬರ್ 14ರಿಂದ ನವೆಂಬರ್ 1ಕ್ಕೆ 48 ದಿನ, ಅಂದರೆ 384 ಯೂನಿಟ್. ಕಳೆದರೆ 48,282. ನಿಜವಾದ ಅಂಕಿಗೆ 30 ಯೂನಿಟ್‌ನಷ್ಟು ಹತ್ತಿರ, ಕಂಪನಿಯ ಅಂದಾಜಿಗೆ 830 ದೂರ. ನವೆಂಬರ್‌ನಲ್ಲಿ ಬೇಗ ಕತ್ತಲಾಗುವುದರಿಂದ ಬಳಕೆ ತುಸು ಹೆಚ್ಚು, ಆ 30 ಯೂನಿಟ್ ಅದರದ್ದು. ಗ್ಯಾಸ್‌ಗೆ ಮಾತ್ರ ಈ ಲೆಕ್ಕ ನಡೆಯದು. ಜನವರಿಯ ಹೀಟಿಂಗ್ ಬಳಕೆಯಿಂದ ಸೆಪ್ಟೆಂಬರ್‌ಗೆ ಎಣಿಸಿದರೆ ನಿಮ್ಮ ಕಾಲಿಗೆ ನೀವೇ ಕೊಡಲಿ ಹಾಕಿಕೊಂಡಂತೆ. ಗ್ಯಾಸ್‌ಗೆ ಹಿಂದಿನ ವರ್ಷದ ಅದೇ ತಿಂಗಳ ನಿಜವಾದ ರೀಡಿಂಗ್ ಹುಡುಕಬೇಕು, ಇಲ್ಲವೇ ಮನೆ ಹಸ್ತಾಂತರದ ವರದಿಯಲ್ಲಿ ಬರೆದ ಅಂಕಿ.

ಗ್ಯಾಸ್ ವಿಷಯ ಬಂದದ್ದರಿಂದ ಅದರದೇ ಒಂದು ಅವಾಂತರ ಹೇಳಬೇಕು. ಗ್ಯಾಸ್ ಮೀಟರ್ ಅಳೆಯುವುದು ಗಾತ್ರವನ್ನು, ಬಿಲ್ ಆಗುವುದು ಶಕ್ತಿಗೆ. ಘನಮೀಟರ್‌ನ ಅಂಕಿಯನ್ನು 1.02264ರಿಂದ ಗುಣಿಸಿ, ಆ ಪ್ರದೇಶದ ಗ್ಯಾಸಿನ ಕ್ಯಾಲೊರಿ ಮೌಲ್ಯದಿಂದ (ಉರಿದಾಗ ಸಿಗುವ ಶಾಖದ ಅಳತೆ) ಗುಣಿಸಿ, 3.6ರಿಂದ ಭಾಗಿಸಬೇಕು. ಮೌಲ್ಯ 39.5 ಇದ್ದರೆ ಒಂದು ಘನಮೀಟರ್‌ಗೆ ಸುಮಾರು 11.2 ಕಿಲೋವಾಟ್ ಅವರ್. ಹಳೆ ಮನೆಗಳಲ್ಲಿ ಇನ್ನೂ ಘನ ಅಡಿಯ ಮೀಟರ್‌ಗಳಿವೆ. ಅವುಗಳಲ್ಲಿ ಎಣಿಕೆಯಾಗುವುದು ನೂರು ಘನ ಅಡಿಯ ಲೆಕ್ಕದಲ್ಲಿ, ಅದನ್ನು ಮೊದಲು 2.83ರಿಂದ ಗುಣಿಸಬೇಕು. ಕಂಪನಿ ಬದಲಾಗುವಾಗ ಈ ಒಂದು ಗುರುತು ತಪ್ಪಾಗಿ ದಾಟಿದರೆ ಘನಮೀಟರ್ ಮನೆಯವರು ಸುಮಾರು ಮೂರು ಪಟ್ಟು ಕಟ್ಟುತ್ತಾರೆ. ಘನ ಅಡಿಯವರು ಮೂರನೇ ಒಂದು ಪಾಲು ಕಟ್ಟಿ, ಒಂದು ದಿನ ಬಾಕಿ ಬಂದಾಗ ಕಂಗಾಲಾಗುತ್ತಾರೆ. ಮೀಟರ್‌ನ ಮುಖದ ಮೇಲೆ ಘನಮೀಟರ್ ಎಂದಿದೆಯೋ ಘನ ಅಡಿ ಎಂದಿದೆಯೋ ನೋಡಿ. ಮುಖ್ಯ ಅಂಕಿ ಐದಿದ್ದರೆ ಸಾಮಾನ್ಯವಾಗಿ ಘನಮೀಟರ್, ನಾಲ್ಕಿದ್ದರೆ ಘನ ಅಡಿ. ಬಿಲ್‌ನ ಲೆಕ್ಕದಲ್ಲಿ 2.83 ಕಾಣಿಸುತ್ತಿದೆಯೇ ಎಂಬುದು ಇನ್ನೊಂದು ಪರೀಕ್ಷೆ. ಕೆಂಪು ಅಂಕಿ, ದಶಮಾಂಶದ ನಂತರದ ಅಂಕಿ ಎರಡನ್ನೂ ಕೊಡಬಾರದು. ಕೊಟ್ಟರೆ ಹತ್ತು ಪಟ್ಟು.

ಗಡಿಯಾರದಂಥ ಮುಳ್ಳುಗಳ ಹಳೆ ಮೀಟರ್‌ಗಳಲ್ಲಿ ಪಕ್ಕಪಕ್ಕದ ಮುಳ್ಳುಗಳು ವಿರುದ್ಧ ದಿಕ್ಕಿಗೆ ತಿರುಗುತ್ತವೆ. ಎರಡು ಅಂಕಿಗಳ ನಡುವೆ ಮುಳ್ಳಿದ್ದರೆ ಕಡಿಮೆಯದನ್ನು ಬರೆಯಬೇಕು, 9 ಮತ್ತು 0 ನಡುವೆ ಇದ್ದರೆ 9. ಮುಳ್ಳು ಅಂಕಿಯ ಮೇಲೇ ನಿಂತಿದ್ದರೆ ಬಲಬದಿಯ ಮುಂದಿನ ಮುಳ್ಳನ್ನು ನೋಡಿ, ಅಲ್ಲಿ 9 ಇದ್ದರೆ ಒಂದು ಕಳೆಯಿರಿ. ಹಗಲು ರಾತ್ರಿ ಬೇರೆ ದರದ ಮೀಟರ್‌ಗಳಲ್ಲಿ ಎರಡು ಅಂಕಿ ಅದಲು ಬದಲಾಗಿ ದಾಟುವುದು ಇನ್ನೂ ಸಾಮಾನ್ಯ. ಮಧ್ಯಾಹ್ನ ವಾಷಿಂಗ್ ಮೆಷೀನ್ ಓಡಿಸಿ ಯಾವ ಅಂಕಿ ಮುಂದೆ ಹೋಯಿತು ನೋಡಿದರೆ ಹಗಲಿನದು ಯಾವುದೆಂದು ಗೊತ್ತಾಗುತ್ತದೆ.

ಫ್ಲ್ಯಾಟ್‌ಗಳಲ್ಲಿ ಇದಕ್ಕಿಂತ ಬುಡಮಟ್ಟದ ತಪ್ಪೊಂದಿದೆ. ಕೆಳಗಿನ ಕತ್ತಲ ಕಪಾಟಿನಲ್ಲಿ ಎಂಟು ಮೀಟರ್ ಸಾಲಾಗಿರುತ್ತವೆ, ಮೂರನೇ ನಂಬರ್ ಮನೆಯ ಚೀಟಿ ನಾಲ್ಕನೇ ಮೀಟರ್‌ಗೆ ಅಂಟಿರುತ್ತದೆ. ಆಗ ನಿಮ್ಮ ರೀಡಿಂಗ್ ಎಷ್ಟು ಸರಿಯಾಗಿದ್ದರೂ ತಾಳೆಯಾಗದು, ಏಕೆಂದರೆ ಅದು ನೆರೆಮನೆಯದು. ಮನೆಯ ಮೇನ್ ಸ್ವಿಚ್ ಆಫ್ ಮಾಡಿ ಕೆಳಗೆ ಹೋಗಿ ನೋಡಿ. ನಿಮ್ಮದೆಂದುಕೊಂಡ ಮೀಟರ್‌ನ ಕೆಂಪು ದೀಪ ಇನ್ನೂ ಮಿಟುಕುತ್ತಿದ್ದರೆ ಅದು ಬೇರೆಯವರ ಮನೆಗೆ ಹೋಗುತ್ತಿರುವ ಕರೆಂಟ್. ಬಿಲ್‌ನಲ್ಲಿ ವಿದ್ಯುತ್ತಿನ ಎಂಪ್ಯಾನ್ ಸಂಖ್ಯೆಯ ಮುಖ್ಯ ಭಾಗ 13 ಅಂಕಿ, ಗ್ಯಾಸಿನ ಎಂಪಿಆರ್‌ಎನ್ 6ರಿಂದ 10 ಅಂಕಿ. ಇವು ಜಾಗದ ಗುರುತು, ಸೀರಿಯಲ್ ನಂಬರ್ ಪೆಟ್ಟಿಗೆಯ ಗುರುತು. ಎರಡೂ ಬಿಲ್‌ಗೂ ಗೋಡೆಗೂ ಹೊಂದಬೇಕು.

ದೂರನ್ನು ಬರಹದಲ್ಲೇ ಕೊಡಬೇಕು. ಅದರಲ್ಲಿ ಖಾತೆ ಸಂಖ್ಯೆ, ಎಂಪ್ಯಾನ್, ಸೀರಿಯಲ್ ನಂಬರ್, ಬದಲಾವಣೆಯ ತಾರೀಕು, ಕಂಪನಿ ಹಿಡಿದ ಅಂಕಿ, ನೀವು ಹೇಳುವ ಅಂಕಿ, ಫೋಟೊ ಇರಲಿ. ‘ಇದು ದೂರು’ ಎಂದು ಸ್ಪಷ್ಟವಾಗಿ ಬರೆಯಿರಿ, ಏಕೆಂದರೆ ಎಂಟು ವಾರದ ಗಡಿಯಾರ ಶುರುವಾಗುವುದು ದೂರು ಕೊಟ್ಟ ದಿನದಿಂದ. ಎಂಟು ವಾರದಲ್ಲಿ ಬಗೆಹರಿಯದಿದ್ದರೆ, ಅಥವಾ ಅದಕ್ಕೂ ಮೊದಲೇ ಇನ್ನು ನಮ್ಮಿಂದಾಗದು ಎಂದು ಕಂಪನಿ ಪತ್ರ ಕೊಟ್ಟರೆ, ಇಂಥ ದೂರುಗಳನ್ನು ತೀರ್ಮಾನಿಸುವ ಸ್ವತಂತ್ರ ಸಂಸ್ಥೆಯಾದ ಎನರ್ಜಿ ಓಂಬುಡ್ಸ್‌ಮನ್ ಬಳಿಗೆ ಹೋಗಬಹುದು. ಪತ್ರ ಬಂದ ಹನ್ನೆರಡು ತಿಂಗಳೊಳಗೆ ಹೋಗಬೇಕು. ಖರ್ಚಿಲ್ಲ. ಗ್ರಾಹಕ ಒಪ್ಪಿದರೆ ಆ ತೀರ್ಪಿಗೆ ಕಂಪನಿ ತಲೆಬಾಗಲೇಬೇಕು, ಒಪ್ಪದ ಗ್ರಾಹಕ ಕೋರ್ಟಿಗೆ ಹೋಗಬಹುದು. ಆಫ್‌ಜೆಮ್‌ಗೆ ಬರೆಯುವುದು ವ್ಯರ್ಥ, ಅದು ಒಬ್ಬೊಬ್ಬರ ದೂರು ನೋಡುವುದಿಲ್ಲ. ಮಧ್ಯೆ ಸಲಹೆ ಬೇಕೆಂದರೆ ಸಿಟಿಜನ್ಸ್ ಅಡ್ವೈಸ್ ಎಂಬ ಸಲಹಾ ಸಂಸ್ಥೆ ಇದೆ. ಜಗಳ ನಡೆಯುತ್ತಿರುವಾಗ ಬಿಲ್‌ನ ಒಪ್ಪಿಗೆಯಾದ ಭಾಗವನ್ನು ಕಟ್ಟುತ್ತಲೇ ಇರಬೇಕು. ಸಿಟ್ಟಿನಲ್ಲಿ ಪಾವತಿ ಪೂರ್ತಿ ನಿಲ್ಲಿಸಿದರೆ ವಸೂಲಿ ಕಂಪನಿಯ ಪತ್ರ ಬರುತ್ತದೆ, ಸಾಲದ ದಾಖಲೆಗೂ ಕಲೆ ಅಂಟುತ್ತದೆ.

ಕಾಲಮಿತಿಗಳು ಗ್ರಾಹಕನ ಕಡೆಗಿವೆ. ಬದಲಾವಣೆಯಾದ ಆರು ವಾರದೊಳಗೆ ಹಳೆ ಕಂಪನಿ ಕೊನೆಯ ಬಿಲ್ ಕೊಡಬೇಕು, ಉಳಿಕೆ ಹಣವನ್ನು ಆ ಬಿಲ್ ಆದ ಹತ್ತು ಕೆಲಸದ ದಿನಗಳಲ್ಲಿ ಹಿಂದಿರುಗಿಸಬೇಕು. ತಪ್ಪಿದರೆ ಪರಿಹಾರ ತಾನಾಗಿ ಬರಬೇಕು. 2018ರಿಂದ ಇರುವ ನಿಯಮದಂತೆ, ತಮ್ಮ ತಪ್ಪಿನಿಂದ ಬಿಲ್ ಮಾಡದೆ ಬಿಟ್ಟ ಬಳಕೆಗೆ ಹನ್ನೆರಡು ತಿಂಗಳಿಗಿಂತ ಹಿಂದಕ್ಕೆ ಹೋಗಿ ಹಣ ಕೇಳುವಂತಿಲ್ಲ. ಕೋರ್ಸ್ ಮುಗಿಸಿ ಊರಿಗೆ ಹೊರಡುವ ವಿದ್ಯಾರ್ಥಿಗಳು ಎಡವುವುದು ಇಲ್ಲೇ. ಬೀಗದ ಕೈ ಕೊಟ್ಟ ದಿನದ ಫೋಟೊ ತೆಗೆದಿರುತ್ತಾರೆ, ಆದರೆ ವಿಮಾನ ಹತ್ತುವ ಮೊದಲು ಬ್ಯಾಂಕ್ ಖಾತೆ ಮುಚ್ಚಿಬಿಡುತ್ತಾರೆ. ಉಳಿಕೆ ಹಣ ಬರುವಷ್ಟರಲ್ಲಿ ಅದು ಹೋಗಬೇಕಾದ ಖಾತೆಯೇ ಇರುವುದಿಲ್ಲ. ಎರಡು ತಿಂಗಳಾದರೂ ಖಾತೆ ಉಳಿಸಿಕೊಂಡು, ಇನ್ನೂ ತೆರೆಯಲಾಗುವ ಇಮೇಲ್ ವಿಳಾಸ ಕೊಟ್ಟು ಬರಬೇಕು. ವಿಶ್ವವಿದ್ಯಾಲಯದ ಇಮೇಲ್ ಕೊಟ್ಟರೆ ಅದೂ ಮುಚ್ಚಿಹೋಗಿರುತ್ತದೆ.

ಈಗ ನಮ್ಮ ಕಡೆಗೆ. ಭಾರತಕ್ಕೆ ಇದು ಪೂರ್ತಿ ಹೊಸದಲ್ಲ. ಮುಂಬೈ ಉಪನಗರಗಳಲ್ಲಿ 2009ರಿಂದ ಒಬ್ಬರ ತಂತಿಯ ಮೇಲೆ ಇನ್ನೊಬ್ಬರ ಕರೆಂಟ್ ಪಡೆಯುವ ವ್ಯವಸ್ಥೆಯಿದೆ. ಕರ್ನಾಟಕದಲ್ಲಿ ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ, ಜೆಸ್ಕಾಂ, ಸೆಸ್ಕ್ ತಮ್ಮ ತಮ್ಮ ಸೀಮೆಗೆ ಒಬ್ಬರೇ, ಹಾಗಾಗಿ ಆರ್.ಆರ್. ನಂಬರ್ ಒಂದಿದ್ದರೆ ಎಲ್ಲ ಇದ್ದಂತೆ. ನಾಳೆ ಅದೇ ಮೀಟರ್‌ಗೆ ಇಬ್ಬರು ಬಿಲ್ ಕೊಡುವವರು ಬಂದರೆ? ಈಗಿರುವ ನಿಯಮಗಳು ನೋಡುವುದು ಮೀಟರ್‌ನ ಆರೋಗ್ಯವನ್ನು. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ 2024ರ ಫೆಬ್ರುವರಿಯಲ್ಲಿ ಬಂದ ತಿದ್ದುಪಡಿಯಂತೆ ರೀಡಿಂಗ್ ಬಗ್ಗೆ ದೂರು ಬಂದ ಐದು ದಿನದಲ್ಲಿ ಪಕ್ಕದಲ್ಲಿ ಇನ್ನೊಂದು ಮೀಟರ್ ಹಾಕಿ ಕನಿಷ್ಠ ಮೂರು ತಿಂಗಳು ಹೋಲಿಸಬೇಕು. ಒಳ್ಳೆಯ ನಿಯಮ, ಆದರೆ ಕಳೆದುಹೋದ ಒಂದು ದಿನದ ಅಂಕಿಯನ್ನು ಯಾವ ಪಕ್ಕದ ಮೀಟರೂ ಹೇಳಲಾರದು. ಹಳೆ ಬಾಕಿಯ ವಿಷಯದಲ್ಲಿ ನಮ್ಮ ಗ್ರಾಹಕನ ರಕ್ಷಣೆ ಬ್ರಿಟನ್ನಿನದಕ್ಕಿಂತ ತೆಳು. ವಿದ್ಯುತ್ ಕಾಯ್ದೆಯ 56(2)ನೇ ಕಲಮು ಬಾಕಿ ವಸೂಲಿಗೆ ಎರಡು ವರ್ಷದ ಮಿತಿ ಹಾಕುತ್ತದೆ, ಆದರೆ ಬಾಕಿ ಹುಟ್ಟುವುದು ಬಿಲ್ ಕೊಟ್ಟ ಮೇಲೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ತಡವಾಗಿ ಬಿಲ್ ಕೊಟ್ಟವರ ಎರಡು ವರ್ಷವೂ ತಡವಾಗಿಯೇ ಶುರುವಾಗುತ್ತದೆ.

ಆದ್ದರಿಂದ ಕರಡಿನ ಬಗ್ಗೆ ಮಾತಾಡುವವರು, ಕೆಇಆರ್‌ಸಿ (ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ) ಮುಂದೆ ನಿಲ್ಲುವ ಗ್ರಾಹಕ ಸಂಘಟನೆಗಳು ಈ ನಾಲ್ಕು ಸಾಲನ್ನಾದರೂ ನಿಯಮದೊಳಗೆ ಬರೆಸಬೇಕು. ಬದಲಾವಣೆಯ ದಿನದ ಒಂದೇ ಅಂಕಿ ಇಬ್ಬರನ್ನೂ ಕಟ್ಟಿಹಾಕಬೇಕು. ಆ ಅಂಕಿ ಅದೇ ದಿನ ಗ್ರಾಹಕನ ಮೊಬೈಲಿಗೆ ಬರಬೇಕು. ಅದು ಓದಿದ್ದೋ ಅಂದಾಜೋ ಎಂದು ಬಿಲ್‌ನಲ್ಲಿ ಅಚ್ಚಾಗಬೇಕು. ತಕರಾರು ಬಂದರೆ ಉತ್ತರಿಸುವವರು ಹೊಸ ಕಂಪನಿಯವರೇ ಎಂದು ಹೆಸರಿಟ್ಟು ಹೇಳಬೇಕು. ಅಲ್ಲಿಯವರೆಗೆ, ಮನೆ ಬದಲಿಸುವ ಬಾಡಿಗೆದಾರರು ಮೀಟರ್‌ನ ಫೋಟೊ ತೆಗೆಯುವಾಗ ಒಂದು ನಿಮಿಷ ಕಾಯಿರಿ. ನಮ್ಮ ಎಲೆಕ್ಟ್ರಾನಿಕ್ ಮೀಟರ್‌ಗಳ ಪರದೆಯಲ್ಲಿ ತಾರೀಕು, ಸಮಯ, ವೋಲ್ಟೇಜ್, ಗರಿಷ್ಠ ಬೇಡಿಕೆ ಎಲ್ಲ ಒಂದರ ಹಿಂದೊಂದು ಸರಿದುಹೋಗುತ್ತವೆ. ಕಿಲೋವಾಟ್ ಅವರ್ ಎಂಬ ಗುರುತು ಪಕ್ಕದಲ್ಲಿ ಕಾಣಿಸಿದಾಗಿನ ಅಂಕಿಯೇ ಬೇಕಾದದ್ದು.

— ಬ್ರಿಟನ್ನಿನಲ್ಲಿರುವ ಕನ್ನಡಿಗ ಓದುಗರು